ಇಲ್ಲದ ಅತ್ತೆಯ ಹಾಡು

ಅಫಜಲಪುರದ ನಮ್ಮ ಮನೆಯಲ್ಲಿ ದೇವರಿಗಿಂತ ಟೇಪ್ ರೆಕಾರ್ಡರಿಗೆ ಒಳ್ಳೆಯ ಜಾಗವಿತ್ತು. ಪಡಸಾಲೆಯ ಗೋಡೆಯಲ್ಲಿ ಒಂದು ದೊಡ್ಡ ಗೂಡಿತ್ತು. ಅಜ್ಜಿ ಇದ್ದಾಗ ಅಲ್ಲಿ ದೇವರ ಪಟಗಳಿದ್ದವಂತೆ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಪಟಗಳು ಅಡುಗೆಮನೆಯ ಹೊಗೆಯಲ್ಲಿ ಮಸಿ ಹಿಡಿಯುತ್ತಿದ್ದವು, ಗೂಡಿನಲ್ಲಿ ಟೇಪ್ ರೆಕಾರ್ಡರ್ ಕೂತಿತ್ತು. ಅದಕ್ಕೆ ಅಪ್ಪ ಕೆಂಪು ಮಖಮಲ್ಲಿನ ಹೊದಿಕೆ ಹೊಲಿದು ಅಂಚಿಗೆ ಜರಿ ಹಚ್ಚಿದ್ದ. ಅಪ್ಪ ಟೇಲರ್. ಓಣಿಗೆ ಮುಖ ಮಾಡಿದ ಮುಂದಿನ ಕೋಣೆ ಅವನ ಅಂಗಡಿ, ಅದರ ಹಿಂದೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಕಡೆಗೆ ಬಚ್ಚಲು. ಮನೆ ಉದ್ದಕ್ಕಿತ್ತು, ಅಗಲವಿರಲಿಲ್ಲ. ಒಂದು ಕಡೆ ಕೆಮ್ಮಿದರೆ ಉಳಿದ ಮೂರೂ ಕಡೆ ಕೇಳುತ್ತಿತ್ತು. ಅಂಥ ಮನೆಯಲ್ಲಿ ಅಪ್ಪನ ಹಾಡುಗಳಿಂದ ತಪ್ಪಿಸಿಕೊಳ್ಳಲು ಸಂದಿಯೇ ಇರಲಿಲ್ಲ. ಬಚ್ಚಲಲ್ಲಿ ತಲೆಗೆ ನೀರು ಹೊಯ್ದುಕೊಳ್ಳುವಾಗಲೂ ಯಾವನೋ ವಿರಹಿ ಬಂದು ಕಿವಿಯಲ್ಲಿ ಅಳುತ್ತಿದ್ದ.

ಆಯ್ತವಾರ ಮಧ್ಯಾಹ್ನ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಅಪ್ಪನ ಬಳಗ ಪಡಸಾಲೆಯಲ್ಲಿ ಸೇರುತ್ತಿತ್ತು. ಎಂಟು-ಹತ್ತು ಜನ ಗಂಡಸರು. ಎಲ್ಲರಿಗೂ ಮದುವೆಯಾಗಿತ್ತು, ಮಕ್ಕಳಿದ್ದವು, ಅರ್ಧ ಜನಕ್ಕೆ ಹೊಟ್ಟೆ ಬಂದಿತ್ತು. ಅವರಿಗೆ ಬೇಕಾದದ್ದು ಅರವತ್ತರ ದಶಕದ ಹಿಂದಿ ಸಿನಿಮಾ ಹಾಡುಗಳು ಮಾತ್ರ. ಐವತ್ತೊಂಬತ್ತರದೂ ಬೇಡ, ಎಪ್ಪತ್ತಕ್ಕೆ ಕಾಲಿಟ್ಟದ್ದೂ ಬೇಡ. ಆ ಹತ್ತು ವರ್ಷ ಬಿಟ್ಟರೆ ಜಗತ್ತಿನಲ್ಲಿ ಯಾರೂ ಬಾಯಿ ತೆರೆದು ಹಾಡಿಯೇ ಇಲ್ಲ ಎಂಬಂತೆ ಮಾತಾಡುತ್ತಿದ್ದರು. ಜಮಖಾನೆಯ ಮೇಲೆ ಗೋಡೆಗೊರಗಿ ಕೂತು, ಕಣ್ಣು ಮುಚ್ಚಿ, ತೊಡೆ ಬಡಿದುಕೊಳ್ಳುತ್ತ ಕೇಳುವರು. ಹಾಡು ಮುಗಿದ ಮೇಲೆ ಒಬ್ಬ ಕಣ್ಣೊರೆಸಿಕೊಳ್ಳುವನು, ಇನ್ನೊಬ್ಬ ಧೋತರದ ಚುಂಗಿನಿಂದ ಮೂಗು ಸೀಟಿಕೊಳ್ಳುವನು. ಅದೇ ಉಸಿರಿನಲ್ಲಿ ಮಿರ್ಚಿ ಭಜಿ ಎಲ್ಲಿಗೆ ಬಂತು ಎಂಬ ವಿಚಾರಣೆ. ಹಾಡಿನೊಳಗಿನ ಹೆಣ್ಣು ಕಾದು ಕಾದು ಸೊರಗಿದಳು ಎಂದು ಅತ್ತ ಗಂಡಸಿಗೆ, ಒಲೆಯ ಮುಂದೆ ಮೂರನೇ ಘಾಣ ಭಜಿ ಕರಿಯುತ್ತಿದ್ದ ಹೆಂಗಸು ಉಂಡಿದ್ದಾಳೋ ಇಲ್ಲವೋ ಎಂದು ಕೇಳಬೇಕೆನ್ನಿಸುತ್ತಿರಲಿಲ್ಲ. ಅವ್ವ ಆಯ್ತವಾರ ಉಣ್ಣುತ್ತಿದ್ದುದು ಅವರೆಲ್ಲ ಎದ್ದುಹೋದ ಮೇಲೆ, ಅರ್ಧ ರೊಟ್ಟಿ.

ನನ್ನ ಪಾಲಿಗೆ ಬಂದ ಸೇವೆ ಪೀಕದಾನಿಯದು. ಹಾಡು ಕೇಳುವವರೆಲ್ಲ ಎಲೆ-ತಂಬಾಕು ಹಾಕುವವರು. ಉಗುಳಲಿಕ್ಕೆ ನಡುವೆ ಒಂದು ಹಿತ್ತಾಳೆಯ ಪೀಕದಾನಿ ಇಟ್ಟಿರುತ್ತಿದ್ದರು. ಅಪ್ಪ ಹಾಡಿನ ನಡುವೆ ಮಾತಾಡಬಾರದೆಂಬ ಕಾನೂನು ಮಾಡಿದ್ದನಾದರೂ ಇದೊಂದು ಮಾತಿಗೆ ವಿನಾಯಿತಿ ಇತ್ತು.

"ಏ ಸುಶೀ, ಪೀಕದಾನಿ ತುಂಬ್ಯಾದ ನೋಡು ಬೇ. ಒಯ್ದು ಚೆಲ್ಲಿ ಬಾ."

ನಾನದನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕದಂತೆ, ಉಸಿರು ಕಟ್ಟಿ, ಪಡಸಾಲೆ ದಾಟಿ ಅಡುಗೆಮನೆ ದಾಟಿ ಬಚ್ಚಲಿಗೆ ಹೋಗುತ್ತಿದ್ದೆ. ಬೂದಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ ಮತ್ತೆ ತಂದಿಡಬೇಕು. ಒಂದು ಆಯ್ತವಾರಕ್ಕೆ ಮೂರು ಸಲ. ಆಗ ನನಗೆ ಹತ್ತು ವರ್ಷ. ಈಗ ಐವತ್ತೇಳು, ಸಾಲಿ ಮಾಸ್ತರಿಣಿ. ಬಡ್ತಿಯಾಗಿದೆ, ಇನ್ನು ಮೂರು ವರ್ಷಕ್ಕೆ ರಿಟೈರ್ ಆಗುತ್ತೇನೆ. ಇವತ್ತಿಗೂ ಯಾರಾದರೂ ಆ ಕಾಲದ ಹಾಡು ಹಚ್ಚಿದರೆ ನನಗೆ ಮೊದಲು ಮೂಗಿಗೆ ತಂಬಾಕಿನ ಉಗುಳು ಬರುತ್ತದೆ, ರಾಗ ಆಮೇಲೆ. ಹಾಡುಗಳು ಕೆಟ್ಟವಿದ್ದವೆಂದು ಹೇಳುತ್ತಿಲ್ಲ. ಬಹಳ ಒಳ್ಳೆಯವಿದ್ದವು. ನನ್ನ ಸಿಟ್ಟು ಇರುವುದೂ ಅದಕ್ಕೇ, ಅಂಥವನ್ನು ಇಂಥವರು ಬಾಯಲ್ಲಿಟ್ಟುಕೊಂಡು ಜಗಿದರಲ್ಲ ಎಂದು.

ಬಳಗದಲ್ಲಿ ಒಂದು ಪದ್ಧತಿಯಿತ್ತು. ಒಬ್ಬೊಬ್ಬನಿಗೆ ಒಂದು ಖಾಸ್ ಹಾಡು. ಬೇರೆ ಯಾರೂ ಹಿಡಿಯದ ಒಂದು ಹಾಡನ್ನು ಆರಿಸಿ, ಅದು ತನಗೆ ಯಾಕೆ ಖಾಸ್ ಎಂಬುದನ್ನು ಎಲ್ಲರೆದುರು ಎದ್ದು ನಿಂತು ಹೇಳಬೇಕು. ಬಳಗ ಒಪ್ಪಿತೆಂದರೆ ಗುಂಡೇರಾಯ ಎಂಬಾತ ಅದನ್ನು ಒಂದು ವಹಿಯಲ್ಲಿ ಹೆಸರು ಸಮೇತ ಬರೆದುಕೊಳ್ಳುತ್ತಿದ್ದ. ಅಲ್ಲಿಂದ ಮುಂದೆ ಆ ಹಾಡು ಅವನದು. ಬೇರೆಯವರು ಕೇಳಬಹುದು, ಆದರೆ ಹಾಡಕೂಡದು, ಇದನ್ನೇ ಹಚ್ಚಿರೆಂದು ಫರ್ಮಾಯಿಶಿ ಕೊಡಕೂಡದು. ಅರವತ್ತರ ದಶಕವನ್ನು ಹೊಲದ ಬದುವಿನ ಹಾಗೆ ಹಂಚಿಕೊಂಡುಬಿಟ್ಟಿದ್ದರು. ಯಾರೋ ಬರೆದದ್ದು, ಯಾರೋ ಹಾಡಿದ್ದು, ಇವರು ಅದಕ್ಕೆ ಮಾಲೀಕರು. ಹೊಸದಾಗಿ ಸೇರಿದವರಿಗೆ ಒಳ್ಳೆಯವು ಉಳಿದಿರಲಿಲ್ಲ; ಚೌಡಾಪುರದ ಒಬ್ಬ ಪಾಪದವನು ಹಾಸ್ಯನಟ ಬಾಳೆಹಣ್ಣಿನ ಸಿಪ್ಪೆ ಮೇಲೆ ಜಾರಿ ಬೀಳುವಾಗ ಬರುವ ಹಾಡನ್ನು ಖಾಸ್ ಮಾಡಿಕೊಂಡು, ಅದಕ್ಕೂ ಒಂದು ದುಃಖದ ಕಥೆ ಕಟ್ಟಿ ಹೇಳಿದ್ದ.

ಇವರ ಹುಚ್ಚಿಗೆ ತಕ್ಕ ಹಾಗೆ ಒಂದು ಆರ್ಕೆಸ್ಟ್ರಾ ಇತ್ತು. ಅದಕ್ಕೆ ಒಳ್ಳೆಯ ಹೆಸರೊಂದಿತ್ತು, ಬರೆಯಲು ನನಗೆ ಮನಸ್ಸಿಲ್ಲ. ನಮ್ಮ ಮನೆಯಲ್ಲಿ ಬರೀ 'ಪಾರ್ಟಿ' ಎನ್ನುತ್ತಿದ್ದರು. ಸ್ವಂತದ್ದೊಂದು ಹಾಡು ಗೊತ್ತಿಲ್ಲದ ಪಾರ್ಟಿ. ಆ ಹತ್ತು ವರ್ಷದ ಹಾಡುಗಳನ್ನು ಕೆಮ್ಮು ಬಂದಲ್ಲಿ ಕೆಮ್ಮು ಸಮೇತ ಹಾಗೇ ಹಾಡುವುದು ಅವರ ಹೆಗ್ಗಳಿಕೆ. ಅವರ ಮಿಣಮಿಣ ಕೋಟುಗಳನ್ನು ಹೊಲಿಯುತ್ತಿದ್ದವನು ಅಪ್ಪನೇ. ಕೋಟಿನ ಕಾಜಾ ತೆಗೆಯುವುದು, ಗುಂಡಿ ಹಚ್ಚುವುದು, ಚಮಕಿ ಕೂಡಿಸುವುದು ಅವ್ವನ ಕೆಲಸ. ಹರಿದದ್ದನ್ನು ರಿಪೇರಿಗೆ ತಂದಾಗ ಬಗಲಿನಲ್ಲಿ ಬೆವರು ಉಪ್ಪುಗಟ್ಟಿ ಬೆಳ್ಳಗೆ ಬರೆ ಎದ್ದಿರುತ್ತಿತ್ತು, ಅದರ ಮೇಲೆ ಅತ್ತರು ಸುರಿದಿರುತ್ತಿದ್ದರು. ಅವ್ವ ಬಾಯಿಗೆ ಸೆರಗು ಕಟ್ಟಿಕೊಂಡು ಅಸ್ತರು ಬಿಚ್ಚುತ್ತಿದ್ದಳು. ಹಾಡುಗಾರ ಪ್ರಕಾಶ ಬಂದರೆ ನಮ್ಮಲ್ಲೇ ಉಣ್ಣುವುದು, ನಮ್ಮ ಹಾಸಿಗೆಯಲ್ಲೇ ಮಲಗುವುದು; ಅವನು ಎದ್ದುಹೋದ ಮೇಲೆ ತಲೆದಿಂಬಿನಲ್ಲಿ ಎಣ್ಣೆಯ ದೊಡ್ಡ ಕಲೆ. ಅಪ್ಪ ಮಾತ್ರ ಆ ದಿಂಬಿನ ಚೀಲ ಒಗೆಯಲು ಹಾಕಿದರೆ ಮುಖ ಸಣ್ಣ ಮಾಡುತ್ತಿದ್ದ.

ಪಾರ್ಟಿ ಹೋದಲ್ಲೆಲ್ಲ ಬಳಗ ಹೋಗುತ್ತಿತ್ತು. ನಮ್ಮ ಕಡೆ ಆರ್ಕೆಸ್ಟ್ರಾ ಕರೆಸುವುದು ಮದುವೆಗಳಿಗೆ. ಆಳಂದ, ಜೇವರ್ಗಿ, ಜಿಡಗಾ, ಎಲ್ಲಿ ಮದುವೆಯ ಅಕ್ಕಿಕಾಳಿದೆಯೋ ಅಲ್ಲಿ ಇವರು ಮುಂದಿನ ಸಾಲಿನಲ್ಲಿ. ಕರೆ ಇಲ್ಲ, ಗುರುತಿಲ್ಲ. ಮದುಮಗನ ಹೆಸರು ಕೂಡ ಚಪ್ಪರದ ಬೋರ್ಡು ಓದಿ ತಿಳಿದುಕೊಳ್ಳುವುದು. ಕಂಡವರ ಮದುವೆಯಲ್ಲಿ ಉಂಡವನೇ ಜಾಣ ಎಂಬ ಗಾದೆಯನ್ನು ಮಾಡಿದವರು ನನ್ನ ಅಪ್ಪನನ್ನು ನೋಡಿಯೇ ಮಾಡಿದ್ದಿರಬೇಕು. ಬರೀ ಗಂಡಸರು ಹೋದರೆ ಯಾರಾದರೂ ಕೇಳುತ್ತಾರೆ, ಸಂಸಾರ ಜೊತೆಗಿದ್ದರೆ ಯಾರೂ ಕೇಳುವುದಿಲ್ಲ ಎಂಬ ಲೆಕ್ಕದಿಂದ ಅಪ್ಪ ಅವ್ವನನ್ನೂ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದ. ಹೆಣ್ಣಿನವರು ಕೇಳಿದರೆ ಗಂಡಿನ ಕಡೆ, ಗಂಡಿನವರು ಕೇಳಿದರೆ ಹೆಣ್ಣಿನ ಕಡೆ ಎನ್ನಬೇಕೆಂದು ನನಗೆ ಪಾಠವಾಗಿತ್ತು. ಹೀಗೆ ಬಡಿಸಿದ ಗೋಧಿಹುಗ್ಗಿಯನ್ನು ನಾನು ಎಲೆಯಲ್ಲೇ ಬಿಡುತ್ತಿದ್ದೆ. ಅವ್ವನ ಕಷ್ಟ ಇನ್ನೂ ದೊಡ್ಡದು. ಮುತ್ತೈದೆ ಬಂದಿದ್ದಾಳೆಂದು ಆ ಮನೆಯ ಹೆಂಗಸರು ಕರೆದು ಕೂಡಿಸಿ ಉಡಿ ತುಂಬುತ್ತಿದ್ದರು. ಗುರುತಿಲ್ಲದವರ ಅಕ್ಕಿ, ಕೊಬ್ಬರಿ, ಖಣ ಉಡಿಯಲ್ಲಿ ಕಟ್ಟಿಕೊಂಡು ಆಕೆ ಬಸ್ಸಿನಲ್ಲಿ ತಲೆ ಬಗ್ಗಿಸಿ ಕೂತಿರುವಳು. ಆ ಅಕ್ಕಿಯನ್ನು ಮನೆಯಲ್ಲಿ ಒಂದು ದಿನವೂ ಬೇಯಿಸಲಿಲ್ಲ. ಗುಬ್ಬಿಗೆ ಚೆಲ್ಲುತ್ತಿದ್ದಳು.

ಈ ಗದ್ದಲದ ನಡುವೆ ನಮ್ಮ ಮನೆಯಲ್ಲಿ ಇನ್ನೊಂದು ಹಾಡಿತ್ತು. ಅದು ಇದ್ದದ್ದು ಅಡುಗೆಮನೆಯಲ್ಲಿ, ಬೆಳಗಿನ ಹೊತ್ತು, ಅಪ್ಪ ಚಾ ಕುಡಿದು ಪೇಟೆಗೆ ಹೋದ ಮೇಲೆ. ಅವ್ವ ರೊಟ್ಟಿ ಬಡಿಯುತ್ತ ಸಣ್ಣ ದನಿಯಲ್ಲಿ ಹಾಡುವಳು. ಅದೂ ಆ ಕಾಲದ ಹಿಂದಿ ಹಾಡೇ. ಬಾಗಿಲಲ್ಲಿ ಯಾರೋ ಬಂದರೆಂದು ಒಬ್ಬಳು ಎದ್ದು ಬಂದು ನೋಡುತ್ತಾಳೆ, ಬಂದದ್ದು ಗಾಳಿ. ಮೂರು ಸಲ ಎದ್ದು ಬರುತ್ತಾಳೆ, ಮೂರು ಸಲವೂ ಗಾಳಿ. ನಾವಿಬ್ಬರೂ ಅದನ್ನು 'ಗಾಳಿ ಹಾಡು' ಎನ್ನುತ್ತಿದ್ದೆವು. ಬಳಗದ ಯಾರಿಗೂ ಅದು ಗೊತ್ತಿರಲಿಲ್ಲ. ಓಡದ ಸಿನಿಮಾದ್ದು, ಕ್ಯಾಸೆಟ್ಟಿನಲ್ಲೂ ಸಿಗುತ್ತಿರಲಿಲ್ಲ. ಅವ್ವನ ದನಿ ಕಂಠದಿಂದಲ್ಲ, ಎದೆಯ ಕೆಳಗಿನಿಂದ ಬರುತ್ತಿತ್ತು. ರೊಟ್ಟಿಯ ಬಡಿತ ತಾಳ. ಪ್ರಕಾಶನ ಪಾರ್ಟಿಯನ್ನು ಇಡಿಯಾಗಿ ತಕ್ಕಡಿಯ ಒಂದು ಕಡೆ ಇಟ್ಟು, ಅವ್ವನ ಆ ಒಂದು ಹಾಡನ್ನು ಇನ್ನೊಂದು ಕಡೆ ಇಟ್ಟರೆ ಪಾರ್ಟಿ ಮೇಲೆ ಏಳುತ್ತಿತ್ತು. ಒಂದು ದಿನ ಆಕೆ ತಾನಾಗಿ ನನಗೆ ಅದರ ಕಥೆ ಹೇಳಿದಳು.

"ನಮ್ಮ ತವರು ಕರಜಗ್ಯಾಗ ಪಂಚಾಯ್ತಿ ಮುಂದ ರೇಡಿಯೋ ಇತ್ತು ಬೇ. ನಾನೂ ಚಂದಕ್ಕನೂ ನೀರಿಗೆ ಹೋದಾಗ ಖಾಲಿ ಕೊಡ ಹಿಡ್ಕೊಂಡು ನಿಂತು ಕೇಳಿದ್ವಿ. ಇಬ್ರೂ ಕೂಡಿ ಕಲ್ತಿದ್ವಿ. ಆಮ್ಯಾಲ ಆಕೀಗಿ ಜ್ವರ ಬಂತು, ಎಂಟು ದಿನದಾಗ ಹೋದಳು. ಹದಿನಾರು ವರ್ಷದಾಕಿ. ಕಡೀ ದಿನ ಕೈ ಹಿಡ್ಕೊಂಡು 'ನೀಲಾ, ಆ ಹಾಡು ಅನ್ನು' ಅಂದಳು. ಅಂದೆ. ನಾ ಅನ್ನೂದು ಮುಗಿಯೂದ್ರಾಗ ಆಕಿ ಇರಲಿಲ್ಲ."

ಚಂದಕ್ಕ ಅವ್ವನ ಒಡಹುಟ್ಟಿದ ಅಕ್ಕ. ಆಕೆಯ ಹೆಸರನ್ನು ನಮ್ಮ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವ್ವ ಹಿಟ್ಟಿನ ಕೈಯಿಂದಲೇ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಯಾರ ಮುಂದೂ ಅನಬ್ಯಾಡ. ನಿಮ್ಮಪ್ಪನ ಮುಂದಂತೂ ಅನಬ್ಯಾಡ. ಇದು ನಂದೂ ಚಂದಕ್ಕಂದೂ ಅದ."

ಇಲ್ಲ ಎಂದೆ. ನನ್ನ ಗದ್ದಕ್ಕೆ ಹಿಟ್ಟು ಹತ್ತಿತ್ತು, ಒರೆಸಿಕೊಳ್ಳದೆ ಸಾಲಿಗೆ ಹೋದೆ.

ಅದಾದ ಸ್ವಲ್ಪ ದಿನಕ್ಕೆ ಬಳಗದಲ್ಲಿ ಒಂದು ಘಾತವಾಯಿತು. ಅಪ್ಪನ ಸ್ವಂತ ಖಾಸ್ ಹಾಡು ವಹಿಯ ಮೊದಲನೇ ಪುಟದ ಮೊದಲನೇ ಸಾಲಿನಲ್ಲಿತ್ತು. ಕಲಬುರಗಿಗೆ ಹೋಗಿದ್ದ ಗುಂಡೇರಾಯ ಎಲ್ಲಿಂದಲೋ ಹಳೆಯ ಸಿನಿಮಾ ಪತ್ರಿಕೆ ಹುಡುಕಿ ತಂದು, ಆ ಸಿನಿಮಾ ಬಂದದ್ದು ಎಪ್ಪತ್ತು ದಾಟಿದ ಮೇಲೆ ಎಂದು ಎಲ್ಲರೆದುರು ತೋರಿಸಿಬಿಟ್ಟ.

"ಟೇಲರ್ ಸಾಬ್ರ, ತಪ್ಪು ತಿಳ್ಕೋಬ್ಯಾಡ್ರಿ. ಕಾನೂನು ಮಾಡಿದವ್ರು ನೀವೇ ಇದ್ದೀರಿ."

ಅಪ್ಪ ನಗುತ್ತ ಹೊಡೆದುಹಾಕಿರಿ ಎಂದ. ಗುಂಡೇರಾಯ ಅಡ್ಡಗೆರೆ ಎಳೆದ. ಅವತ್ತಿನಿಂದ ಒಂದು ವಾರ ಅಪ್ಪ ಯಾರೊಡನೆಯೂ ನೆಟ್ಟಗೆ ಮಾತಾಡಲಿಲ್ಲ. ಅಳತೆ ತಪ್ಪಿ ಎರಡು ಪೈಜಾಮ ಕೆಡಿಸಿದ. ಬಳಗ ಕಟ್ಟಿದವನಿಗೇ ಹಾಡಿಲ್ಲ, ಮನೆ ಅವನದು, ಚಾ ಅವನದು, ಭಜಿ ಅವನದು. ಉಳಿದವರು ತಮ್ಮ ತಮ್ಮ ಹಾಡಿಗೆ ತಲೆದೂಗುವಾಗ ಇವನು ಕ್ಯಾಸೆಟ್ ಹಾಕುವ ಆಳಿನ ಹಾಗೆ ಕೂತಿರಬೇಕಾಯಿತು. ಆಗ ಒಂದು ಬೆಳಿಗ್ಗೆ ನನ್ನನ್ನು ಅಂಗಡಿಗೆ ಕರೆದ. ಹೊಲಿಗೆ ಮಿಶನ್ನಿನ ಮುಂದಿನ ಸ್ಟೂಲಿನ ಮೇಲೆ ನನ್ನನ್ನು ಕೂಡಿಸಿದ. ನಾನು ಆ ಸ್ಟೂಲನ್ನು ಮುಟ್ಟಿದರೆ ಗಜಕಡ್ಡಿಯ ಏಟು ಬೀಳುತ್ತಿತ್ತು. ಅವತ್ತು ತಾನೇ ಎತ್ತಿ ಕೂಡಿಸಿ, ಕಾಲಿನಿಂದ ಪೆಡಲು ತುಳಿಯಲೂ ಬಿಟ್ಟ.

"ನಿಮ್ಮವ್ವ ರೊಟ್ಟಿ ಬಡಿಯೋ ಮುಂದ ಏನೋ ಗುಣುಗುಣು ಅಂತಾಳಲ್ಲ, ಪೇಟೆಯಿಂದ ಬರೋ ಮುಂದ ಕಿವಿಗೆ ಬಿದ್ದದ, ಯಾವ ಹಾಡದು? ನಿನಗ ಬರ್ತದೇನು?"

"ಬರ್ತದಪ್ಪಾ."

"ನೋಡೋಣು, ಅಂದು ತೋರಸು ನನ್ನ ಮಗಳು."

ನನ್ನ ಮಗಳು ಎಂದು ಅವನು ಅಂದದ್ದು ನನಗೆ ಆ ಒಂದು ಸಲವೇ ನೆನಪಿದೆ. ನಾನು ಪೆಡಲು ತುಳಿಯುತ್ತ ಇಡೀ ಹಾಡು ಹಾಡಿದೆ. ಮೂರೂ ಚರಣ. ಅಪ್ಪನ ಮುಖ ಅರಳಿದ್ದನ್ನು ನೋಡಿ, ಅವನು ಕೇಳದಿದ್ದರೂ, ಚಂದಕ್ಕನ ಕಥೆಯನ್ನೂ ಹೇಳಿದೆ. ಕೊಡ, ರೇಡಿಯೋ, ಎಂಟು ದಿನದ ಜ್ವರ, ಕಡೆಯ ದಿನ, ಒಂದನ್ನೂ ಬಿಡಲಿಲ್ಲ. ಅಪ್ಪ ಗಲ್ಲಕ್ಕೆ ಕೈ ಹಚ್ಚಿ ಕೇಳಿದ. ಬೇರೆಯವರ ಬಗ್ಗೆ ಹೇಸಿಗೆಪಡುವುದು ಸುಲಭ, ಅದನ್ನು ನಾನು ಜೀವನವಿಡೀ ಧಾರಾಳವಾಗಿ ಮಾಡಿದ್ದೇನೆ. ಆ ಸ್ಟೂಲಿನ ಮೇಲೆ ಕೂತು ಕಾಲು ಆಡಿಸುತ್ತಿದ್ದ ಹುಡುಗಿಯ ಹತ್ತಿರ ಬಂದಾಗ ಮಾತ್ರ ನನಗೆ ಕಣ್ಣು ಬೇರೆ ಕಡೆ ತಿರುಗಿಸಬೇಕೆನ್ನಿಸುತ್ತದೆ.

ಎರಡು ಆಯ್ತವಾರ ಕಳೆದವು. ಪ್ರಕಾಶನ ಕೈಯಿಂದ ಹಾಡನ್ನು ಪತ್ತೆ ಹಚ್ಚಿಸಿ, ಎಲ್ಲಿಂದಲೋ ಅದರ ಗ್ರಾಮಫೋನ್ ತವೆಯನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು ಬಂದ ಅಪ್ಪ, ಮೂರನೇ ಆಯ್ತವಾರ ಬಳಗದ ನಡುವೆ ಎದ್ದು ನಿಂತ. ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ನಾನು ಅಡುಗೆಮನೆಯ ಬಾಗಿಲಲ್ಲಿ ಚಾದ ತಾಟು ಹಿಡಿದು ನಿಂತಿದ್ದೆ. ಅವ್ವ ನನ್ನ ಬೆನ್ನ ಹಿಂದೆ ಒಲೆಯ ಮುಂದೆ. ಮೊದಲು ಹಾಡು ಹಚ್ಚಿದ. ಬಾಗಿಲು, ಗಾಳಿ. ಬಳಗ ಸ್ತಬ್ಧವಾಗಿ ಕೇಳಿತು. ಆಮೇಲೆ ಅಪ್ಪ ಗಂಟಲು ಸರಿ ಮಾಡಿಕೊಂಡ.

"ನನಗೊಬ್ಬಾಕಿ ತಂಗಿ ಇದ್ದಳ್ರಿ. ಇಷ್ಟು ದಿನ ಯಾರ ಮುಂದೂ ಅಂದಿದ್ದಿಲ್ಲ. ಇಬ್ರೂ ಕೂಡಿ ಪಂಚಾಯ್ತಿ ರೇಡಿಯೋದಾಗ ಈ ಹಾಡು ಕೇಳಿ ಕಲ್ತಿದ್ವಿ. ಜ್ವರ ಬಂದು ಎಂಟು ದಿನದಾಗ ಹೋದಳು. ಕಡೀ ದಿನ ನನ್ನ ಕೈ ಹಿಡ್ಕೊಂಡು 'ಅಣ್ಣಾ, ಆ ಹಾಡು ಅನ್ನು' ಅಂದಳ್ರಿ."

ಅಪ್ಪನಿಗೆ ತಂಗಿ ಇರಲಿಲ್ಲ. ಅಕ್ಕನೂ ಇರಲಿಲ್ಲ. ಅಜ್ಜಿಗೆ ಅವನೊಬ್ಬನೇ ಮಗ. ಆದರೂ ಅವನ ಕಣ್ಣಲ್ಲಿ ನೀರು ಬಂತು, ನಿಜವಾದ ನೀರು. ಎಲ್ಲಕ್ಕಿಂತ ಅಸಹ್ಯವಾದದ್ದು ಅದೇ. ಬೇರೆಯವರ ಹೆಣಕ್ಕೆ ತಾನು ಹೆಗಲು ಕೊಟ್ಟೆನೆಂದು ಅವನು ನಂಬಿಬಿಟ್ಟಿದ್ದ. ಗುಂಡೇರಾಯ ಎದ್ದು ಬಂದು ತಬ್ಬಿಕೊಂಡ. ಒಬ್ಬೊಬ್ಬರೇ ಮೂಗು ಸೀಟಿದರು. ವಹಿ ತೆರೆದರು, ಬರೆದುಕೊಂಡರು. ನನ್ನ ಹಿಂದೆ ಬಾಣಲೆಯಲ್ಲಿ ಭಜಿ ಕರಿಯುತ್ತಿದ್ದ ಸಪ್ಪಳ ಹಾಗೇ ನಡೆದಿತ್ತು. ತಿರುಗಿ ನೋಡಿದೆ. ಅವ್ವ ಝಾರಾ ಸೌಟು ಕೈಯಲ್ಲಿ ಹಿಡಿದು ಎಣ್ಣೆಯನ್ನೇ ನೋಡುತ್ತಿದ್ದಳು. ಭಜಿ ಕಪ್ಪಾಗಿದ್ದವು.

"ಅಪ್ಪ ಕದ್ದು ಕೇಳ್ಯಾನ ಕಾಣಸ್ತದವ್ವಾ," ಎಂದೆ. ಆಕೆ ನನ್ನನ್ನು ಏನೂ ಕೇಳಿರಲಿಲ್ಲ.

ಅವ್ವ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಸುಟ್ಟ ಭಜಿಗಳನ್ನು ತೆಗೆದು ತಾಟಿಗೆ ಹಾಕಿದಳು.

"ಆರತಾವ, ಒಯ್ದು ಕೊಡು."

ಸುಟ್ಟದ್ದೆಂದು ಯಾರಿಗೂ ಗೊತ್ತಾಗಲಿಲ್ಲ. ತಿಂದರು.

ಆ ಬೇಸಿಗೆಯಲ್ಲಿ ಜೇವರ್ಗಿಯಲ್ಲಿ ಒಂದು ಮದುವೆ. ಪಾರ್ಟಿ ಅಲ್ಲಿಗೆ ಹೊರಟಿತ್ತು, ಅಪ್ಪನ ಹೊಸ ಖಾಸ್ ಹಾಡು ಮೊದಲ ಸಲ ಮೈಕಿನಲ್ಲಿ ಬರುವುದಿತ್ತು. ಚೌಡಾಪುರದಲ್ಲಿ ಬಸ್ಸು ಬದಲಿಸಿ ಹೋದೆವು. ಬಳಗದವರು ಮುಂದಿನ ಕುರ್ಚಿಗಳಲ್ಲಿ ಕೂತರು, ನಾನೂ ಅವ್ವನೂ ಹೆಂಗಸರ ನಡುವೆ. ಮದುಮಗಳ ಅಜ್ಜಿ ಅವ್ವನನ್ನು ಕೈ ಹಿಡಿದು ಕರೆದೊಯ್ದು ಕೂಡಿಸಿ, ಎಲ್ಲರಿಗಿಂತ ಮೊದಲು ಉಡಿ ತುಂಬಿದಳು. ಗಂಡಿನ ದಿಬ್ಬಣ ಬರುವುದು ತಡವಾಗಿತ್ತು. ಅಷ್ಟರವರೆಗೆ ಪಾರ್ಟಿ ಹಾಡು ಹೇಳುತ್ತಿತ್ತು. ಕಡೆಗೆ ದಿಬ್ಬಣ ಬಂತು, ಮದುಮಕ್ಕಳನ್ನು ಹಂದರದೊಳಗೆ ನಿಲ್ಲಿಸಿದರು, ಎಲ್ಲರ ಕೈಗೂ ಅಕ್ಕಿಕಾಳು ಹಂಚಿದರು. ಹಾಡು ನಿಂತುಬಿಟ್ಟರೆ ಊಟಕ್ಕೇ ಏಳಿಸುತ್ತಾರೆ, ತನ್ನದು ಉಳಿದುಹೋಗುತ್ತದೆ ಎಂಬ ಹೆದರಿಕೆಗೆ ಅಪ್ಪ ಎದ್ದು ಹೋಗಿ ಪ್ರಕಾಶನ ಕೈಗೆ ಚೀಟಿ ತುರುಕಿದ. ಪ್ರಕಾಶ ಒಂದು ಸಲವೂ ಯೋಚಿಸದೆ ಮೈಕಿನಲ್ಲಿ ಓದಿದ.

"ಈಗ ನಮ್ಮ ಟೇಲರ್ ಸಾಹೇಬರ ಖಾಸ್ ಹಾಡು. ಅಕಾಲದಾಗ ತೀರಿಹೋದ ಅವರ ಪ್ರೀತಿಯ ತಂಗಿಯ ನೆನಪಿಗಾಗಿ!"

ಹಾಡು ಶುರುವಾಯಿತು. ತಲೆಗೆ ಅಕ್ಕಿಕಾಳು ಬೀಳುವ ಮೊದಲೇ ಹಂದರದಲ್ಲಿ ಸತ್ತವಳೊಬ್ಬಳು ಬಂದು ನಿಂತಳು. ಜನ ಕೈಯೊಳಗಿನ ಅಕ್ಕಿ ಹಾಗೇ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಬಳಗದವರಿಗೆ ಮಾತ್ರ ಅದರ ಪರಿವೆಯೇ ಇಲ್ಲ, ಕಣ್ಣು ಮುಚ್ಚಿ ತೊಡೆ ಬಡಿದುಕೊಳ್ಳುತ್ತಿದ್ದರು. ಅಪ್ಪನ ಜೊತೆಗೆ ಬಂದವರು ನಾವೆಂದು ನೋಡಿದ್ದ ಪಕ್ಕದ ಹೆಂಗಸು ಅವ್ವನ ಕಡೆ ವಾಲಿದಳು.

"ನಿಮ್ಮ ನಾದನಿ ಆಗಬೇಕೇನ್ರಿ?"

ಅವ್ವ ಉಡಿಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ಹೌದ್ರಿ," ಎಂದಳು.

"ಪಾಪ. ಹೆಸರೇನಿತ್ರಿ?"

ಹಾಡು ಎರಡನೇ ಚರಣಕ್ಕೆ ಬಂದಿತ್ತು.

"ಚಂದಮ್ಮ ಅಂತಿತ್ರಿ."

ಅಷ್ಟರಲ್ಲಿ ಮದುಮಗಳ ಅಜ್ಜಿ ಹಂದರದ ನಡುವಿನಿಂದ ಬಂದಳು. ಮೈಕಿನ ಮುಂದೆ ನಿಂತು ಪ್ರಕಾಶನಿಗೆ ಕೈ ಎತ್ತಿದಳು, ಹಾಡು ನಿಂತಿತು.

"ಅಕ್ಕಿಕಾಳ ಹೊತ್ತಿನ್ಯಾಗ ಸತ್ತಾಕಿ ಹೆಸರು ತಗದ ಭಾಡ್ಯಾ ಯಾವಾವ? ಯಾರ ಕಡ್ಯಾವ್ರು ನೀವು?"

ಹೆಣ್ಣಿನವರು ಗಂಡಿನವರನ್ನು ನೋಡಿದರು, ಗಂಡಿನವರು ಹೆಣ್ಣಿನವರನ್ನು ನೋಡಿದರು. ಇಬ್ಬರೂ ನಮ್ಮವರಲ್ಲ ಎಂದರು. ನಾನು ಕಲಿತ ಪಾಠ ಎರಡೂ ಕಡೆಯವರು ಎದುರಾಬದುರು ನಿಂತಾಗ ಉಪಯೋಗಕ್ಕೆ ಬರಲಿಲ್ಲ. ಗುಂಡೇರಾಯ ತಾವು ಪಾರ್ಟಿಯ ಅಭಿಮಾನಿಗಳು ಎಂದು ಹೇಳಹೋಗಿ ಬೆನ್ನಿಗೆ ಒಂದು ಗುದ್ದು ತಿಂದ. ಅಜ್ಜಿ ಅವ್ವನ ಹತ್ತಿರ ಬಂದಳು. ಉಡಿಯನ್ನು ನೋಡಿದಳು. ತುಂಬಿದ ಉಡಿಯನ್ನು ಮರಳಿ ತೆಗೆದುಕೊಳ್ಳಬಾರದು, ಅದಕ್ಕೆ ತೆಗೆದುಕೊಳ್ಳಲಿಲ್ಲ. "ನೀ ಹೆಣ್ಣ ಹೆಂಗಸು, ನಿನಗಾರೆ ತಿಳೀಬ್ಯಾಡೇನು?" ಎಂದು ಮಾತ್ರ ಕೇಳಿದಳು. ಆ ಮುದುಕಿಯ ಮಾತನ್ನು ನಾನು ಇವತ್ತಿಗೂ ತಪ್ಪೆನ್ನಲಾರೆ, ಆದರೆ ಅಲ್ಲಿದ್ದವರಲ್ಲಿ ಆ ಮಾತು ಯಾರಿಗೆ ಬೀಳಬಾರದಿತ್ತೋ ಆಕೆಗೇ ಬಿತ್ತು.

ಮರಳಿ ಬರುವಾಗ ಬಸ್ಸಿನಲ್ಲಿ ಅಪ್ಪ ಗುಂಡೇರಾಯನೊಡನೆ ಒಂದೇ ಸಮ ಹೇಳಿಕೊಳ್ಳುತ್ತಿದ್ದ.

"ಎರಡನೇ ಚರಣಕ್ಕೇ ಬಂದ್ ಮಾಡಿಸಿಬಿಟ್ಟಳ್ರಿ ಮುದುಕಿ. ಮೂರನೇದರಾಗ ಅದ ನೋಡ್ರಿ ಅಸಲ ಮಜಾ."

ಮುಂದಿನ ಆಯ್ತವಾರ ಬಳಗ ಯಥಾಪ್ರಕಾರ ಸೇರಿತು. ಹಂದರದಲ್ಲಿ ಬಾಯಿಂದ ಬಾಯಿಗೆ ಹರಡಿ ತನ್ನ ಕಿವಿಗೂ ಬಿದ್ದಿದ್ದ, ಅವ್ವ ಹೇಳಿದ ಹೆಸರನ್ನೂ ಅಪ್ಪ ಬಿಡಲಿಲ್ಲ. ವಹಿಯಲ್ಲಿ 'ತಂಗಿ' ಎಂದಿದ್ದಲ್ಲಿ 'ತಂಗಿ ಚಂದಮ್ಮ' ಎಂದು ತಿದ್ದಿಸಿದ. ಸುಳ್ಳಿಗೆ ಅದೊಂದು ಹೆಸರು ಬೇಕಾಗಿತ್ತು, ಸಿಕ್ಕಿತು. ಅಡುಗೆಮನೆಯಲ್ಲಿ ರೊಟ್ಟಿಯ ಬಡಿತವಷ್ಟೇ ಉಳಿಯಿತು. ಅವ್ವ ಹಾಡಲಿಲ್ಲ. ನಾನು ದಿನಾ ಬೆಳಿಗ್ಗೆ ಒಲೆಯ ಹತ್ತಿರ ಕೂತು ಕಾದೆ. ಹೈಸ್ಕೂಲಿಗೆ ಹೋಗುವವರೆಗೂ ಕಾದೆ. ಆಮೇಲೆ ಕಾಯುವುದನ್ನು ಬಿಟ್ಟು ಅಪ್ಪನನ್ನು ದ್ವೇಷಿಸಲು ಕಲಿತೆ. ಅವ್ವನ ಹಾಡನ್ನು ಕೊಂದವನು ಅವನು ಎಂಬ ಒಂದೇ ಮಾತಿನ ಮೇಲೆ ನನ್ನ ಬೆಳವಣಿಗೆಯೆಲ್ಲ ನಿಂತಿತು. ಆ ಮನೆಯಲ್ಲಿರಬಾರದೆಂದು ಓದಿದೆ, ನೌಕರಿ ಹಿಡಿದೆ, ಆಳಂದಕ್ಕೆ ಬಂದೆ. ಮದುವೆಮನೆಗಳಲ್ಲಿ ಉಣ್ಣುವುದನ್ನು ಬಿಟ್ಟೆ. ಯಾರಾದರೂ ಹಾಡು ಕೇಳಿ ಕಣ್ಣೀರು ಹಾಕಿದರೆ ಎದ್ದು ಹೋಗುತ್ತೇನೆ. ಅಪ್ಪ ಸತ್ತಾಗ ನನಗೆ ಅಳು ಬರಲಿಲ್ಲ, ಅದಕ್ಕೆ ನಾಚಿಕೆಯೂ ಆಗಲಿಲ್ಲ. ಅವ್ವನನ್ನು ನನ್ನ ಹತ್ತಿರ ಕರೆತಂದೆ, ನಾಲ್ಕು ವರ್ಷವಾಯಿತು.

ಬಳಗ ಸತ್ತಿಲ್ಲ. ಗುಂಡೇರಾಯನ ಮಗ ಅದನ್ನು ವಾಟ್ಸಾಪಿನಲ್ಲಿ ಎಬ್ಬಿಸಿದ್ದಾನೆ, ನನ್ನನ್ನೂ ಕೇಳದೆ ಸೇರಿಸಿದ್ದಾನೆ. ಬೆಳಗಾದರೆ ಗುಲಾಬಿ ಹೂವಿನ ಚಿತ್ರ, ಅರವತ್ತರ ಒಂದು ಹಾಡು, ಕೆಳಗೆ ಮೂವತ್ತು ಜನರ ಕಣ್ಣೀರಿನ ಗುರುತು. ವಹಿಯ ಪುಟಗಳ ಫೋಟೋ ತೆಗೆದು ಹಾಕಿದ್ದಾರೆ. ತಂದೆಯ ಖಾಸ್ ಹಾಡು ಮಗನಿಗೆ ಹೋಗುತ್ತದಂತೆ, ಹೊಲದ ಪಹಣಿಯ ಹಾಗೆ. ಪಾರ್ಟಿಯಲ್ಲಿ ಈಗ ಪ್ರಕಾಶನ ಅಳಿಯ ಹಾಡುತ್ತಾನೆ. ಹೋದ ವಾರ ನನಗೊಂದು ಸಂದೇಶ ಬಂತು.

"ಮೇಡಂ, ಈ ಆಯ್ತವಾರ ನಿಮ್ಮ ಅಪ್ಪಾವ್ರ ನೆನಪಿನ ಕಾರ್ಯಕ್ರಮ ಅದರಿ. ಅವರ ಖಾಸ್ ಹಾಡು ಪಾರ್ಟಿಯವರು ಪೂರಾ ಹಾಡ್ತಾರ. ಪರದೆ ಮ್ಯಾಲ ಹಾಕಾಕ ಚಂದಮ್ಮ ಅತ್ತಿಯವರ ಫೋಟೋ ಇದ್ರ ಕಳಸ್ರಿ."

ಓದಿ, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ನನಗೆ ಅತ್ತೆಯೇ ಇರಲಿಲ್ಲ, ಅದು ನನ್ನ ಅವ್ವನ ಹಾಡು, ಸತ್ತವಳು ಅವ್ವನ ಅಕ್ಕ, ನಿಮ್ಮ ವಹಿ ಸುಳ್ಳು ಎಂದು ಬರೆದೆ. ಕಳಿಸುವ ಮೊದಲು ಅವ್ವನನ್ನು ಒಂದು ಮಾತು ಕೇಳಬೇಕೆನ್ನಿಸಿತು. ಅವ್ವ ಅಡುಗೆಮನೆಯ ಕಟ್ಟೆಗೊರಗಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಎಂಬತ್ತರ ಹತ್ತಿರ ಬಂದಿದ್ದಾಳೆ, ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗಿದೆ. ಸಂದೇಶವನ್ನು ಓದಿ ಹೇಳಿದೆ.

"ಚಂದಕ್ಕಂದು ಫೋಟೋ ಎಲ್ಲಿ ಬರಬೇಕು. ಆಗ ಯಾರು ತಗೀತಿದ್ರು."

"ಫೋಟೋ ಮಾತಲ್ಲವ್ವಾ. ಅದು ನಿನ್ನ ಹಾಡು ಅಂತ ಬರದೇನಿ. ಕಳಸಲೇನು? ಎಲ್ಲಾರಿಗೂ ಗೊತ್ತಾಗಲಿ."

"ಬ್ಯಾಡ. ಎಲ್ಲಾರಿಗೂ ಗೊತ್ತಾಗೂದೇ ಬ್ಯಾಡಾಗಿತ್ತು ನನಗ."

ನಲವತ್ತೇಳು ವರ್ಷ ಹೇಳದೆ ಇಟ್ಟುಕೊಂಡದ್ದು ಆಗ ಹೊರಗೆ ಬಂತು. ಆಕೆಯ ಎದುರಿಗೆ ನೆಲದ ಮೇಲೆ ಕೂತೆ.

"ಅಪ್ಪ ಕದ್ದು ಕೇಳಿದ್ದಿಲ್ಲವ್ವಾ. ನಾನೇ ಹೇಳಿದ್ದೆ."

"ಗೊತ್ತದ."

"ಯಾವಾಗಿಂದ?"

"ಅವತ್ತಿಂದ್ಲೇ. ಆ ಮಾತು ನಾ ಅಂದಿದ್ದು ನಿನ್ನೊಬ್ಬಾಕಿ ಮುಂದ. ಮತ್ತ್ಯಾರು ಹೇಳ್ತಾರ?"

ತಪ್ಪಾಯಿತು ಎನ್ನುವುದನ್ನು ಬಿಟ್ಟು ಅಪ್ಪನ ಮೇಲೆಯೇ ಹಾಕಿದೆ. "ಅಂವ ನಿನ್ನ ಹಾಡೂದೇ ಬಿಡಿಸಿಬಿಟ್ಟ ನೋಡವ್ವಾ," ಎಂದೆ.

ಅವ್ವ ಬೆಳ್ಳುಳ್ಳಿಯಿಂದ ತಲೆ ಎತ್ತಲಿಲ್ಲ.

"ಹಾಡೂದು ಎಲ್ಲಿ ಬಿಟ್ಟೇನಿ? ನೀ ಸಾಲಿಗೆ ಹೋದ ಮ್ಯಾಲ ಹಾಡ್ತಿದ್ದೆ. ಈಗೂ ಹಾಡ್ತೇನಿ. ನಿನ್ನ ಮುಂದ ಅಷ್ಟ ಬಿಟ್ಟೇನಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೇಳೆಗೆ ಉಪ್ಪು ಹಾಕಿದ್ದೇನೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದಳು. ನಾನು ಬರೆದದ್ದನ್ನು ಅಳಿಸಿದೆ. ಎದ್ದು ಹೋಗಿ ಚಪ್ಪಲಿ ಮೆಟ್ಟಿದೆ. ಪೇಟೆಗೆ ಹೋಗಿ ಬರ್ತೇನಿ, ಹೊತ್ತಾಗ್ತದ ಎಂದು ಒಳಗೆ ಕೇಳುವಂತೆ ಗಟ್ಟಿಯಾಗಿ ಹೇಳಿದೆ. ಪೇಟೆಯಲ್ಲಿ ನನಗೇನೂ ಕೆಲಸವಿರಲಿಲ್ಲ. ಬಾಗಿಲು ಮುಂದೆಳೆದುಕೊಂಡು ಹೊರಗೆ ನಿಂತೆ, ಗೋಡೆಗೆ ಕಿವಿ ಹಚ್ಚಿದರೆ ಕೇಳೀತು ಅನ್ನಿಸಿತು. ಹಚ್ಚಲಿಲ್ಲ. ಓಣಿಯ ಕೊನೆಯವರೆಗೆ, ಏನೂ ಕೇಳದಷ್ಟು ದೂರ ನಡೆದುಹೋದೆ.